ಗಂಜಿ, ಮೆಟ್ಟಿಲು, ಮಳೆಗಾಲ: ನಮ್ಮ ಜಿಲ್ಲೆಯಲ್ಲಿ ದೀರ್ಘ ಕಾಯಿಲೆಗಳ ಜೊತೆ ದಿನ ನಡೆಸುವುದು

ಶುಗರ್ ಎಷ್ಟಿದೆ, ಬಿಪಿ ಎಷ್ಟಿದೆ ಎಂದು ಕೇಳುವವರು ಎಲ್ಲ ಕಡೆ ಸಿಗುತ್ತಾರೆ. ಆ ಕಾಯಿಲೆಯಿಂದ ನಿಮ್ಮ ಯಾವ ಕೆಲಸ ನಿಂತಿದೆ ಎಂದು ಕೇಳುವವರು ಕಡಿಮೆ. ದೀರ್ಘ ಕಾಯಿಲೆ ಹಿಡಿತದಲ್ಲಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ರಿಪೋರ್ಟಿನಲ್ಲಿ ಮಾತ್ರವಲ್ಲ, ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ತೋಟದ ಮೆಟ್ಟಿಲಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ. ಹಾಗಾಗಿ ಪುಸ್ತಕದ ಪಟ್ಟಿಯನ್ನು ಬದಿಗಿಟ್ಟು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ, ಶಿರಸಿ–ಸಿದ್ದಾಪುರ–ಯಲ್ಲಾಪುರದ ಘಟ್ಟದ ಮೇಲು, ಇಲ್ಲಿನ ಮನೆಗಳಿಗೆ ಹೊಂದುವಂತೆ ಬರೆಯುತ್ತಿದ್ದೇನೆ. ಮಾತ್ರೆಯ ಪ್ರಮಾಣ ಬದಲಿಸುವ ಮಾತು ಬಂದಲ್ಲೆಲ್ಲ ಅದನ್ನು ನಿಮ್ಮ ವೈದ್ಯರನ್ನು ಕೇಳಿಯೇ ಮಾಡಬೇಕು. ಉಳಿದದ್ದು ಮನೆಯವರ ಕೈಯಲ್ಲಿದೆ.

ದಿನಚರಿಯ ದೃಷ್ಟಿಯಿಂದ ಈ ಕಾಯಿಲೆಗಳು ಮೂರು ಥರ. ಮೊದಲನೆಯವು ಏನೂ ಹೇಳದೆ ಒಳಗೇ ಇರುವವು: ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಯ ಮೊದಲ ಹಂತ, ಥೈರಾಯ್ಡ್. ಎರಡನೆಯವು ಬಂದು ಹೋಗುವವು: ಉಬ್ಬಸ, ಮೂರ್ಛೆರೋಗ, ಕೆರಳಿ ತಣಿಯುವ ಸಂಧಿವಾತ. ಮೂರನೆಯವು ವರ್ಷದಿಂದ ವರ್ಷಕ್ಕೆ ಶಕ್ತಿಯನ್ನು ಸವೆಸುವವು: ಮಂಡಿ ಸವೆತ, ಹೊಗೆಯಿಂದ ಹಾಳಾದ ಶ್ವಾಸಕೋಶ, ದುರ್ಬಲ ಹೃದಯ, ಡಯಾಲಿಸಿಸ್ ಹಂತದ ಮೂತ್ರಪಿಂಡ. ಮೊದಲ ಗುಂಪಿನವರು ಮಾತ್ರೆ ಬಿಡುತ್ತಾರೆ, ಯಾಕೆಂದರೆ ಬಿಟ್ಟರೂ ಅಂದು ಏನೂ ಆಗುವುದಿಲ್ಲ. ಎರಡನೆಯವರು ಆರಾಮಿದ್ದಾಗ ಬಿಡುತ್ತಾರೆ. ಮೂರನೆಯವರು ಮಾತ್ರೆ ಬಿಡುವುದಿಲ್ಲ, ಓಡಾಟ ಬಿಡುತ್ತಾರೆ, ಅದರಿಂದ ಇನ್ನಷ್ಟು ಸೋಲುತ್ತಾರೆ.

ಉಪ್ಪಿನ ಲೆಕ್ಕ

ಬಿಪಿ ಇರುವವರಿಗೆ "ಉಪ್ಪು ಕಡಿಮೆ ಮಾಡಿ" ಎಂದರೆ ಅವರು ಸಾರಿಗೆ ಹಾಕುವ ಉಪ್ಪನ್ನು ಕಡಿಮೆ ಮಾಡುತ್ತಾರೆ. ಆದರೆ ಈ ಕಡೆಯ ಊಟದಲ್ಲಿ ಉಪ್ಪು ಕುಳಿತಿರುವ ಜಾಗ ಬೇರೆ: ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ, ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಸಿಮೀನು ಕಡಿಮೆ, ಒಣಮೀನು ಜಾಸ್ತಿ. ಹೃದಯ ದುರ್ಬಲವಿರುವವರ ಕಾಲು ಈ 2 ತಿಂಗಳಲ್ಲಿ ಊದಿಕೊಂಡರೆ ಮೊದಲು ನೋಡಬೇಕಾದದ್ದು ಒಣಮೀನಿನ ಡಬ್ಬಿಯನ್ನು. ನೆನೆಸಿ ಎರಡು ಸಲ ನೀರು ಚೆಲ್ಲಿದರೆ ಉಪ್ಪು ಸ್ವಲ್ಪ ಇಳಿಯುತ್ತದೆ, ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ, ಅಂದರೆ ಮಟ್ಟವಾಗಿ ತುಂಬಿದ ಒಂದು ಟೀ ಚಮಚಕ್ಕೂ ತುಸು ಕಡಿಮೆ. ಚಮಚದಲ್ಲಿ ಅಳೆಯುವುದು ಕಷ್ಟ, ತಿಂಗಳ ಲೆಕ್ಕ ಸುಲಭ. 4 ಜನರ ಮನೆಗೆ ತಿಂಗಳಿಗೆ 600 ಗ್ರಾಮ್ ದಾಟಬಾರದು, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ. 1 ಕಿಲೋ ಪೊಟ್ಟಣ ಒಂದೇ ತಿಂಗಳಲ್ಲಿ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಮ್ ಮೀರಿತು. ಸಾಣಿಕಟ್ಟೆಯ ಕಲ್ಲುಪ್ಪು ನೈಸರ್ಗಿಕ, ಅದರಿಂದ ಬಿಪಿ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗಜನಿಯ (ಸಮುದ್ರದ ಉಪ್ಪುನೀರು ನುಗ್ಗುವ ಗದ್ದೆಯ) ಉಪ್ಪಾದರೂ ಕಾರ್ಖಾನೆಯ ಉಪ್ಪಾದರೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು, ಎನಾಲಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರನೊಲ್ಯಾಕ್ಟೋನ್ ಥರದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಕೇಳದೆ ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಮನೆಯಲ್ಲಿ ಬಿಪಿ ನೋಡುವಾಗ ಆಗುವ ತಪ್ಪು ಒಂದೇ ಥರ. ತೋಟದಿಂದ ಬಂದವರು ಕವಳ (ಎಲೆ, ಅಡಿಕೆ, ತಂಬಾಕು) ಹಾಕಿಕೊಂಡು ಮಾತಾಡುತ್ತಲೇ ತೋಳು ಚಾಚುತ್ತಾರೆ. ತಂಬಾಕಿನ ನಿಕೋಟಿನ್ ಆ ಹೊತ್ತಿಗೆ ಬಿಪಿಯನ್ನೂ ಬಡಿತವನ್ನೂ ಏರಿಸಿರುತ್ತದೆ. ಕವಳ, ಚಹಾ, ಬೀಡಿ ಆಗಿ ಅರ್ಧ ಗಂಟೆ ಕಳೆಯಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಪಟ್ಟಿ ಬರಿ ಚರ್ಮದ ಮೇಲಿರಲಿ. 1 ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ಬರೆದಿಡಿ. ಮನೆಯ ಅಳತೆಯಲ್ಲಿ 135/85ಕ್ಕಿಂತ ಮೇಲೆ ನಿಂತೇ ಇದ್ದರೆ ಮಾತ್ರೆ ಸಾಲುತ್ತಿಲ್ಲ ಎಂದರ್ಥ.

ಮೂತ್ರ ಹೆಚ್ಚಿಸಿ ಮೈಯ ನೀರಿಳಿಸುವ ನೀರಿನ ಮಾತ್ರೆಯದು (ಫ್ಯೂರೋಸೆಮೈಡ್ ಥರದ್ದು) ಬೇರೆಯೇ ಸಂಕಟ. ಬಸ್ಸಿನಲ್ಲಿ ಹೋಗುವ ದಿನ ಹೆಂಗಸರು ಅದನ್ನು ನುಂಗುವುದೇ ಇಲ್ಲ, ದಾರಿಯಲ್ಲಿ ಶೌಚಾಲಯ ಇಲ್ಲವಲ್ಲ. ಮದುವೆ, ಆಸ್ಪತ್ರೆ, ಪೇಟೆ ಅಂತ ವಾರಕ್ಕೆ ಎರಡು ದಿನ ತಪ್ಪಿದರೆ ಪಾದ ಊದುತ್ತದೆ, ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆ. ಫ್ಯೂರೋಸೆಮೈಡ್‌ನ ಪರಿಣಾಮ ಸುಮಾರು 6 ಗಂಟೆಯಲ್ಲಿ ಮುಗಿಯುತ್ತದೆ. ಅಂಥ ದಿನ ಮನೆಗೆ ಬಂದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದೇ ಎಂದು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಂಡರೆ ಬಿಡುವ ಪ್ರಸಂಗ ಬರುವುದಿಲ್ಲ. ಹೃದಯದ ಕಾಯಿಲೆ ಇರುವವರು ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮೊದಲು ತೂಕ ನೋಡಲಿ. 3 ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರಿಗೆ ಫೋನ್ ಮಾಡಬೇಕು.

ಸಕ್ಕರೆ ಕಾಯಿಲೆ: ಗಂಜಿ, ಸೂಜಿ, ಪಾದ

ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಅದೂ ಅಕ್ಕಿ. 50 ಗ್ರಾಮ್ ಅಕ್ಕಿ ಗಂಜಿಯಾದರೂ ಅನ್ನವಾದರೂ ತೆಳ್ಳೇವಾದರೂ (ತೆಳು ದೋಸೆ) ಸುಮಾರು 39 ಗ್ರಾಮ್ ಕಾರ್ಬೋಹೈಡ್ರೇಟ್ ಕೊಡುತ್ತದೆ. ಗಂಜಿ ತೆಳುವಾಗಿ ಕಾಣುವುದರಿಂದ ಎರಡು ಬಟ್ಟಲು ಹೋಗುತ್ತದೆ, ಜೊತೆಗೆ ಚಟ್ನಿ ಬಿಟ್ಟರೆ ಏನೂ ಇರುವುದಿಲ್ಲ. ಅಕ್ಕಿಯನ್ನು ಹಸಿಯಿರುವಾಗಲೇ ಅಳೆದು ಹಾಕಿ, ಮೊದಲು ಪಲ್ಯ, ಹೆಸರುಕಾಳು ಅಥವಾ ಮೀನು ತಿಂದು, ಆಮೇಲೆ ಗಂಜಿಗೆ ಕೈಹಾಕಿದರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ಶಿರಸಿ ಕಡೆಯ ಜೋನಿಬೆಲ್ಲವನ್ನು ಸಕ್ಕರೆಗೆ ಬದಲಿ ಎಂದು ಬಳಸುವವರು ಬಹಳ. ಸಕ್ಕರೆ ಕಾಯಿಲೆಯ ಮಟ್ಟಿಗೆ ಎರಡೂ ಒಂದೇ. ಬೆಲ್ಲ ಹಾಕಿದ ಕಷಾಯವನ್ನು ದಿನಕ್ಕೆ ಮೂರು ಲೋಟ ಕುಡಿಯುತ್ತ "ನಾ ಚಹಾ ಬಿಟ್ಟಿದ್ದೇನೆ" ಎಂದರೆ ಎಚ್‌ಬಿಎ1ಸಿ ರಕ್ತಪರೀಕ್ಷೆ ಅದನ್ನು ಒಪ್ಪುವುದಿಲ್ಲ. ಅದು ಹಿಂದಿನ ಸುಮಾರು 3 ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿಯ ಪಥ್ಯ ಅಲ್ಲಿ ಕೆಲಸಕ್ಕೆ ಬಾರದು.

ಸಕ್ಕರೆ ಏರುವುದಕ್ಕಿಂತ ಆ ಕ್ಷಣಕ್ಕೆ ಅಪಾಯಕಾರಿ ಇಳಿಯುವುದು. 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ, ಸಿಟ್ಟು, ಮಂಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರು ಊಟ ತಡಮಾಡಿದಾಗ, ತೋಟದಲ್ಲಿ ಎಂದಿಗಿಂತ ಹೆಚ್ಚು ದುಡಿದಾಗ ಇದಾಗುತ್ತದೆ. 3 ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ 15 ನಿಮಿಷ ಕಾಯಬೇಕು, ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಏನಾದರೂ ತಿನ್ನಬೇಕು. ಚಾಕಲೇಟು ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಮುಖ್ಯವಾದ ಇನ್ನೊಂದು ಮಾತು: ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರ ಹತ್ತಿರ ಗ್ಲೂಕೋಸ್ ಪುಡಿಯೇ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಏಕಾದಶಿ, ಸಂಕಷ್ಟಿ ಮಾಡುವವರೂ, ರಂಜಾನ್ ಉಪವಾಸ ಹಿಡಿಯುವ ಭಟ್ಕಳ, ಹೊನ್ನಾವರದ ಮನೆಯವರೂ ಉಪವಾಸದ ಹಿಂದಿನ ದಿನವಲ್ಲ, ರಂಜಾನ್‌ಗಾದರೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ನೋಡಬೇಕು. ಬೆಳಗಿನ ಮಾತ್ರೆ ರಾತ್ರಿಗೆ ಸರಿಯಬೇಕಾಗಬಹುದು, ಪ್ರಮಾಣ ಇಳಿಯಬೇಕಾಗಬಹುದು. ಉಪವಾಸ ಮಾಡಬೇಡಿ ಎಂದು ಗದರುವುದರಿಂದ ಪ್ರಯೋಜನವಿಲ್ಲ. ಗದರಿಸಿಕೊಂಡವರು ಹೇಳದೆ ಮಾಡುತ್ತಾರೆ, ಅದು ಇನ್ನೂ ಕೆಟ್ಟದ್ದು.

ಇನ್ಸುಲಿನ್ ವಿಷಯದಲ್ಲಿ ಜೀವಕ್ಕೆ ಎರವಾಗುವ ತಪ್ಪು ಸಿರಿಂಜಿನದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ 1 ಮಿಲಿಯಲ್ಲಿ 40 ಯೂನಿಟ್ ಇರುವಂಥದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನದು 100 ಯೂನಿಟ್, ಆ ಅಳತೆಯ ಸಿರಿಂಜಿಗೆ ಕಿತ್ತಳೆ ಮುಚ್ಚಳ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. 100ರ ಇನ್ಸುಲಿನನ್ನು ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಹೋಗುವುದು 50 ಯೂನಿಟ್. ಅಂಗಡಿಯವರು ಕೊಟ್ಟದ್ದನ್ನು ಚೀಲಕ್ಕೆ ಹಾಕುವ ಮೊದಲು ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಒಟ್ಟಿಗೆ ಓದಿ. ಹಾಲಿನಂತೆ ಮಸುಕಾಗಿಯೇ ಬರುವ ಇನ್ಸುಲಿನ್ ಆದರೆ ಕುಲುಕದೆ, ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಉರುಳಿಸಿ. ಒಂದೇ ಜಾಗಕ್ಕೆ ಚುಚ್ಚುತ್ತ ಹೋದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನಲ್ಲಿ ನೋವಿಲ್ಲವೆಂದು ಜನ ಅಲ್ಲಿಗೇ ಚುಚ್ಚುತ್ತಾರೆ, ಔಷಧಿ ಒಂದು ದಿನ ಹೀರುತ್ತದೆ, ಒಂದು ದಿನ ಇಲ್ಲ. ಪ್ರತಿ ಸಲ ಒಂದು ಬೆರಳಗಲ ಸರಿಯಬೇಕು. ಪೆನ್ ಒತ್ತಿದ ಮೇಲೆ 10 ಎಣಿಸಿ ಸೂಜಿ ತೆಗೆಯಬೇಕು. ಬಳಸಿದ ಸೂಜಿ ಗೊಬ್ಬರಗುಂಡಿಗೆ, ತೋಟಕ್ಕೆ ಹೋಗಬಾರದು. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಕೊಡಿ.

ಘಟ್ಟದ ಮೇಲೆ ಜೂನ್–ಜುಲೈಯಲ್ಲಿ ಕರೆಂಟು ಎರಡು ಮೂರು ದಿನ ಬಾರದಿದ್ದಾಗ ಇನ್ಸುಲಿನ್ ಹಾಳಾಯಿತೆಂದು ಎಸೆಯುವವರಿದ್ದಾರೆ. ಹಾಗೇನಿಲ್ಲ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು ನಿಜ, ಆದರೆ ಫ್ರಿಜ್ಜಿನ ಹೊರಗೆ 25 ಡಿಗ್ರಿಯ ಆಸುಪಾಸಿನಲ್ಲಿ ಬಹುತೇಕ ಇನ್ಸುಲಿನ್ ಸುಮಾರು 28 ದಿನ ತಡೆಯುತ್ತದೆ. ಹೊರಗೆ ಬಂದ ತಾರೀಖನ್ನು ಬಾಟಲಿಯ ಮೇಲೆ ಬರೆದು ಅದನ್ನೇ ಮೊದಲು ಬಳಸಿ. ಮಣ್ಣಿನ ಮಡಕೆಯ ನೀರಿನಲ್ಲಿ ಸಣ್ಣ ಡಬ್ಬಿ ಇಟ್ಟು ಅದರೊಳಗೆ ಬಾಟಲಿ ಇಡುವ ಉಪಾಯ ಒಣ ಹವೆಯ ಬಯಲುಸೀಮೆಗೆ ಚೆನ್ನ. ಮಡಕೆ ತಂಪಾಗುವುದು ನೀರು ಆವಿಯಾದಾಗ, ಕರಾವಳಿಯ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ನಿಧಾನ. ಏಪ್ರಿಲ್–ಮೇ ಸೆಕೆಯಲ್ಲಿ ಕುಮಟಾ, ಕಾರವಾರದ ಮನೆಗಳಲ್ಲಿ ಮಡಕೆಯೊಂದನ್ನೇ ನಂಬುವುದು ಸಾಲದು, ಪಕ್ಕದ ಮನೆಯ ಫ್ರಿಜ್ಜಾದರೂ ಆದೀತು. ಬರ್ಫಕ್ಕೆ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಸರಿ ಕಂಡರೂ ಬಳಸಬಾರದು. ನೀರಿನಂತೆ ತಿಳಿಯಿರಬೇಕಾದದ್ದು ಮಸುಕಾದರೂ ಅಷ್ಟೇ.

ಪಾದದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹತ್ತಾರು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಹೋಗುತ್ತದೆ. ಅಡಿಕೆ ತೋಟದಲ್ಲಿ ಬರಿಗಾಲು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಗಂಬೂಟಿನೊಳಗೆ ಇಡೀ ದಿನ ಒದ್ದೆ, ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ: ಮೂರೂ ಗಾಯಕ್ಕೆ ದಾರಿ, ಗಾಯವಾದದ್ದು ಗೊತ್ತಾಗುವುದಿಲ್ಲ. ಉಂಬಳ ಕಚ್ಚಿದ ಜಾಗ ಕೂಡ ತುರಿಸಿ ಹುಣ್ಣಾಗಬಹುದು. ದಿನಾ ರಾತ್ರಿ ದೀಪದ ಬೆಳಕಲ್ಲಿ ಪಾದದಡಿ ನೋಡಬೇಕು, ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ. ತೊಳೆದ ಮೇಲೆ ಬೆರಳ ಸಂದನ್ನು ಒಣಬಟ್ಟೆಯಿಂದ ಒರೆಸಬೇಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸರಿ, ಬೆರಳ ಸಂದಿಗೆ ಬೇಡ, ಅಲ್ಲಿ ತೇವ ನಿಂತರೆ ಮಳೆಗಾಲದಲ್ಲಿ ಬೂಷ್ಟು ಬೆಳೆಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಗಂಬೂಟು ಹಾಕುವ ಮೊದಲು ಕೈ ಹಾಕಿ ಒಳಗೆ ಕಲ್ಲಿದೆಯೇ ನೋಡಿ, ಎರಡು ಜೊತೆ ಕಾಲುಚೀಲ ಇಟ್ಟುಕೊಂಡು ಮಧ್ಯಾಹ್ನ ಬದಲಿಸಿ. ಕಾಲು ತಣ್ಣಗಾದವರು ಒಲೆಯೆದುರು ಚಾಚಿ ಕಾಯಿಸಿಕೊಳ್ಳುವುದು ಬಿಡಬೇಕು.

ಮೂತ್ರಪಿಂಡ ಮತ್ತು ನಮ್ಮ ಹಿತ್ತಲು

ಎಲ್ಲರಿಗೂ ಒಳ್ಳೆಯದಾದ ಎಳನೀರು ಮೂತ್ರಪಿಂಡ ಸೋತವರಿಗೆ ಆಗದು. 100 ಮಿಲಿಯಲ್ಲಿ 200 ಮಿಲಿಗ್ರಾಮ್‌ಗೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ, ಒಂದು ಎಳನೀರಿನಲ್ಲಿ ಅದರ ಮೂರು ಪಟ್ಟಿನಷ್ಟು. ಡಯಾಲಿಸಿಸ್ ಮಾಡಿಸುವವರನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವುದೂ ಅದನ್ನೇ. ಅವರಿಗೆ ಮೊದಲೇ ಹೇಳಿಬಿಡುವುದು ಮನೆಯವರ ಕೆಲಸ. ಹಿತ್ತಲ ಧಾರೆಹುಳಿಯಲ್ಲಿ (ಕರಂಬಲ) ಇರುವ ವಿಷಾಂಶವನ್ನು ಸೋತ ಮೂತ್ರಪಿಂಡ ಹೊರಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಸೆಳವು ಬರಬಹುದು, ಒಂದೇ ಹಣ್ಣು ಸಾಕು. ಬಿಂಬುಳಿಯನ್ನು ಸಾರಿಗೆ ಎರಡು ಹಾಕುವುದು ಬೇರೆ, ಕೊಲೆಸ್ಟರಾಲಿಗೆ ಒಳ್ಳೆಯದೆಂದು ಹಿಂಡಿ ರಸ ಕುಡಿಯುವುದು ಬೇರೆ. ಆ ರಸದಲ್ಲಿ ಆಕ್ಸಲೇಟ್ ಬಹಳ. ಹಾಗೆ ಕುಡಿದು ಮೂತ್ರಪಿಂಡ ಕೈಕೊಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ.

ಇನ್ನೂ ಸಾಮಾನ್ಯವಾದದ್ದು ನೋವಿನ ಮಾತ್ರೆ. ಮಂಡಿ ನೋವಿಗೆ ಡೈಕ್ಲೋಫೆನಾಕ್, ಬಿಪಿಗೆ ಟೆಲ್ಮಿಸಾರ್ಟಾನ್, ಕಾಲೂತಕ್ಕೆ ನೀರಿನ ಮಾತ್ರೆ. ಈ ಮೂರು ಒಟ್ಟಾದಾಗ ಮೂತ್ರಪಿಂಡದ ರಕ್ತಸಂಚಾರ ಮೂರು ಕಡೆಯಿಂದ ಕುಸಿಯುತ್ತದೆ, ವಾಂತಿ ಭೇದಿಯೂ ಜೊತೆಯಾದರೆ ಎರಡು ದಿನದಲ್ಲಿ ಕೆಡುತ್ತದೆ. ಸಕ್ಕರೆ ಮತ್ತು ಬಿಪಿ ಇರುವವರು ನೋವಿಗೆ ಅಂಗಡಿಯಿಂದ ಏನನ್ನೂ ಕೇಳಿ ತರಬಾರದು. ವಾಂತಿ, ಭೇದಿ, ಜೋರು ಜ್ವರದ ದಿನಗಳಲ್ಲಿ ಮೆಟ್‌ಫಾರ್ಮಿನ್, ನೀರಿನ ಮಾತ್ರೆ, ಕೆಲವು ಬಿಪಿ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದನ್ನು ಎಂಬುದನ್ನು ಆರಾಮಿದ್ದಾಗಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಮಾತ್ರ ಊಟ ಸೇರದ ದಿನವೂ ಪೂರ್ತಿ ಬಿಡುವಂತಿಲ್ಲ. ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ನುಂಗುವವರೂ ಅದನ್ನು ಒಮ್ಮೆಗೇ ನಿಲ್ಲಿಸಬಾರದು.

ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಹೋಗಿ ಬರುವ ಹಾದಿ ಸೇರಿದರೆ ಒಂದು ಪೂರ್ತಿ ದಿನ, ಮರುದಿನ ಬೆಳಿಗ್ಗೆಯವರೆಗೆ ಆಯಾಸ. ಕೂಲಿಗೆ ಹೋಗುವವರ ವಾರದಲ್ಲಿ ಮೂರು ದಿನ ಹೀಗೇ ಹೋಗುತ್ತದೆ, ಜೊತೆಗೆ ಬರುವವರದ್ದೂ ಅಷ್ಟೇ. ಕುಡಿಯುವ ನೀರಿನ ಲೆಕ್ಕ: ಹಿಂದಿನ ದಿನ ಬಂದ ಮೂತ್ರದಷ್ಟು, ಮೇಲೆ ಅರ್ಧ ಲೀಟರ್. ಗಂಜಿ, ಸಾರು, ಮಜ್ಜಿಗೆ, ಅಪ್ಪೆಹುಳಿ ಎಲ್ಲ ಈ ಲೆಕ್ಕಕ್ಕೇ ಸೇರುತ್ತವೆ, ಹಾಗಾಗಿ ಇವರಿಗೆ ಗಂಜಿಗಿಂತ ಬಸಿದ ಅನ್ನ ವಾಸಿ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ಕೊಡ ಎತ್ತಬಾರದು, ಅದರ ಮೇಲೆ ಮಲಗಬಾರದು. ದಿನಾ ಬೆಳಿಗ್ಗೆ ಬೆರಳಿಟ್ಟು ಝುಮ್ಮೆನ್ನುವುದು ಇದೆಯೇ ನೋಡಿ. ನಿಂತಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಉಸಿರು

ಬೀಡಿ ಸೇದದ ಹೆಂಗಸರಿಗೆ ಶ್ವಾಸಕೋಶ ಯಾಕೆ ಹಾಳಾಗುತ್ತದೆ ಎಂದರೆ ಉತ್ತರ ಬಚ್ಚಲ ಒಲೆಯಲ್ಲಿದೆ. ಹಸಿ ಸೌದೆ, ತೆಂಗಿನ ಗರಿ, ಅಡಿಕೆ ಸಿಪ್ಪೆ, ಕಿಟಕಿಯಿಲ್ಲದ ಗೋಡೆ. ಅಡಿಕೆ ಬೇಯಿಸುವ ತಿಂಗಳುಗಳಲ್ಲಿ ಇದಕ್ಕೆ ಇನ್ನೊಂದು ಒಲೆ ಸೇರುತ್ತದೆ. ಹೊಗೆಕೊಳವೆಯಿರುವ ಅಸ್ತ್ರ ಒಲೆ ಹಾಕಿಸಿ ಕೊಳವೆಯನ್ನು ಮಾಡಿನ ಮೇಲಕ್ಕೆ ಒಯ್ಯುವುದು, ಮಳೆಗಾಲದ ಸೌದೆಯನ್ನು ಮೇ ತಿಂಗಳಲ್ಲೇ ಒಣಗಿಸಿ ಒಳಗಿಡುವುದು, ಉಸಿರಿನ ತೊಂದರೆ ಇರುವವರನ್ನು ಒಲೆ ಹೊತ್ತಿಸುವ ಕೆಲಸದಿಂದ ಬಿಡಿಸುವುದು, ಇವು ಔಷಧಿಯಷ್ಟೇ ಮುಖ್ಯ. ಕವಳದ ಅಡಿಕೆಯಲ್ಲಿರುವ ಅರೆಕೋಲಿನ್ ಶ್ವಾಸನಾಳವನ್ನು ಬಿಗಿಯಿಸಬಲ್ಲದು ಎಂಬುದನ್ನು ಅಡಿಕೆ ಬೆಳೆಯುವ ನಾವು ಉಬ್ಬಸ ಇರುವವರಿಗೆ ಹೇಳಲೇಬೇಕು.

ಇನ್‌ಹೇಲರ್ ಕೆಲಸ ಮಾಡುತ್ತಿಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಎಳೆಯುವ ಕ್ರಮವೇ ತಪ್ಪಿರುತ್ತದೆ. ಒತ್ತುವ ಪಂಪ್ ಆದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿದು, ನಿಧಾನವಾಗಿ ಎಳೆಯುತ್ತ ಒತ್ತಿ, 10 ಎಣಿಸುವವರೆಗೆ ಹಿಡಿಯಬೇಕು. ಎರಡನೆಯದಕ್ಕೆ ಅರ್ಧದಿಂದ ಒಂದು ನಿಮಿಷ ಬಿಡಬೇಕು. ಕ್ಯಾಪ್ಸೂಲ್ ಪುಡಿಯ ಸಾಧನವಾದರೆ ಉಲ್ಟಾ: ಜೋರಾಗಿ, ಆಳವಾಗಿ ಎಳೆಯಬೇಕು. ನಮ್ಮ ಮಳೆಗಾಲದಲ್ಲಿ ಕೈಕೊಡುವುದು ಈ ಪುಡಿಯೇ. ತೇವ ತಾಗಿದರೆ ಗಂಟುಕಟ್ಟಿ ಕ್ಯಾಪ್ಸೂಲಿನಲ್ಲೇ ಉಳಿಯುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಬೇಕಾದಾಗ ಒಂದೇ ತೆಗೆಯಿರಿ, ಬಚ್ಚಲಲ್ಲಿ, ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಸಾಧನ ತೊಳೆದರೆ ಪೂರ್ತಿ ಒಣಗಿದ ಮೇಲೆಯೇ ಬಳಸಿ, ಸಾಧನದೊಳಕ್ಕೆ ಉಸಿರು ಬಿಡಬೇಡಿ. ಸ್ಟಿರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲವಾದರೆ ನಾಲಗೆಯ ಮೇಲೆ ಬಿಳಿ ಬೂಷ್ಟು. ಉಬ್ಬಸದವರು ತುರ್ತಿಗೆ ಬಳಸುವ ನೀಲಿ ಪಂಪ್ ವಾರಕ್ಕೆ 2ಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಕಾಯಿಲೆ ಹಿಡಿತದಲ್ಲಿಲ್ಲ.

ಮನೆಯಲ್ಲೇ ಆಮ್ಲಜನಕ ಯಂತ್ರ ಇಟ್ಟುಕೊಂಡವರಿಗೆ ಕರೆಂಟು ಹೋದ ಹೊತ್ತೇ ಕಷ್ಟಕಾಲ. 5 ಲೀಟರಿನ ಯಂತ್ರಕ್ಕೆ 300 ವಾಟ್ ಮೇಲೆಯೇ ಬೇಕು, ಸಾಮಾನ್ಯ ಮನೆಯ ಇನ್ವರ್ಟರ್ ಮೂರು ನಾಲ್ಕು ಗಂಟೆಗೆ ಸುಸ್ತಾಗುತ್ತದೆ. ಮಳೆಗಾಲಕ್ಕೆ ಒಂದು ಸಿಲಿಂಡರ್ ತುಂಬಿಸಿಟ್ಟಿರಬೇಕು. ಹೊಗೆಯಿಂದ ಶ್ವಾಸಕೋಶ ಹಾಳಾದವರಿಗೆ ಬೆರಳಿಗೆ ಹಾಕಿ ನೋಡುವ ಆಮ್ಲಜನಕದ ಮಟ್ಟ ಸಾಮಾನ್ಯವಾಗಿ ಶೇ 88–92 ಸಾಕು. 98 ಬರಲಿ ಎಂದು ಗುಂಡಿ ತಿರುಗಿಸಿದರೆ ಮಂಪರು ಬರಬಹುದು.

ಮಂಡಿ, ಗಂಟು

ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವುದು, ಕೊಟ್ಟಿಗೆಯಲ್ಲಿ ಕುಕ್ಕರಗಾಲು, ಮೀನು ಮಾರುಕಟ್ಟೆಯಲ್ಲಿ ನೆಲದ ಮೇಲೆ ಗಂಟೆಗಟ್ಟಲೆ, ಚಿರೇಕಲ್ಲಿನ ಎತ್ತರದ ಮೆಟ್ಟಿಲು. ಮಂಡಿ ಹೆಚ್ಚು ಮಡಿಚಿದಷ್ಟೂ ಒಳಗಿನ ಒತ್ತಡ ಏರುತ್ತದೆ. ಹಾಗಾಗಿ ಮೊದಲ ಚಿಕಿತ್ಸೆ ಎತ್ತರದ್ದು: ಕತ್ತಿಯನ್ನು ಬೆಂಚಿಗೆ ಕೂಡಿಸಿ ಕುರ್ಚಿಯಲ್ಲಿ ಕೂತು ಸುಲಿಯುವಂತೆ ಮಾಡುವುದು, 45–48 ಸೆಂಟಿಮೀಟರ್ ಎತ್ತರದ ಆಸನ, ಶೌಚಕ್ಕೆ ಕಮೋಡ್ ಅಥವಾ ತೂತಿನ ಕುರ್ಚಿ, ಪಕ್ಕದ ಗೋಡೆಗೆ ಹಿಡಿಕೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ನೋವು ಇಳಿಯುತ್ತದೆ. ಮಲಗಿ ಒಂದು ಕಾಲು ಮಡಿಚಿ, ಇನ್ನೊಂದನ್ನು ನೇರವಾಗಿ ಒಂದು ಅಡಿ ಎತ್ತಿ 5 ಎಣಿಸಿ ಇಳಿಸುವುದು, 10ರಂತೆ 3 ಸಲ, ದಿನಾ. ಆರೆಂಟು ವಾರ ಬಿಡದೆ ಮಾಡಿದರೆ ಮಾತ್ರ ಫಲ. ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ದೊಣ್ಣೆಯನ್ನು ನೋವಿರುವ ಕಾಲಿನ ಕಡೆ ಹಿಡಿಯುವವರೇ ಹೆಚ್ಚು. ಎದುರು ಕೈಯಲ್ಲಿ ಹಿಡಿಯಬೇಕು, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಬರುವಷ್ಟು ಎತ್ತರವಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅಂಗಳದ ಕಲ್ಲಿನ ಹಾವಸೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜದಿದ್ದರೆ ಮಂಡಿನೋವಿನ ಮೇಲೆ ಸೊಂಟ ಮುರಿತವೂ ಸೇರುತ್ತದೆ.

ಬೆಳಿಗ್ಗೆ ಎದ್ದಾಗ ಕೈಬೆರಳು ಒಂದು ಗಂಟೆಗೂ ಹೆಚ್ಚು ಬಿಗಿಯಾಗಿರುತ್ತಿದ್ದರೆ, ಎರಡೂ ಕೈಯ ಗಂಟು ಊದಿದ್ದರೆ ಅದು ಸವೆತವಲ್ಲ, ಸಂಧಿವಾತ ಇರಬಹುದು. ಬೇಗ ಪತ್ತೆಯಾದರೆ ಗಂಟು ಸೊಟ್ಟಗಾಗುವುದನ್ನು ತಡೆಯಬಹುದು. ಅದರ ಮುಖ್ಯ ಮಾತ್ರೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ರಕ್ತಕಣಗಳೇ ಕುಸಿದು ಜೀವ ಹೋಗಬಹುದು. ಮನೆಯವರೆಲ್ಲ ಸೇರಿ ವಾರದ ಒಂದು ದಿನ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಪೊಟ್ಟಣವನ್ನು ಉಳಿದ ಮಾತ್ರೆಗಳಿಂದ ಬೇರೆ ಇಡಿ. ಹಿಡಿತ ಕಡಿಮೆಯಾದ ಕೈಗೆ ತಿರುಗಿಸುವ ನಲ್ಲಿಯ ಬದಲು ಉದ್ದ ಹಿಡಿಯನ್ನು ತಳ್ಳಿ ತೆರೆಯುವ ನಲ್ಲಿ, ಬಟ್ಟೆ ಸುತ್ತಿ ದಪ್ಪ ಮಾಡಿದ ಸೌಟಿನ ಹಿಡಿ, ಬಾವಿಗೆ ಅರ್ಧ ತುಂಬುವ ಸಣ್ಣ ಕೊಡಪಾನ. ಬೆಳಗಿನ ಹೊತ್ತು ಇವರಿಂದ ಕೆಲಸ ಆಗದು, ಹತ್ತು ಗಂಟೆಯ ಮೇಲೆ ಚೆನ್ನಾಗಿಯೇ ಆಗುತ್ತದೆ. "ಈಗ ಹೇಗೆ ಆಯಿತು, ಆಗ ಯಾಕೆ ಆಗಲಿಲ್ಲ" ಎಂದು ಕೇಳುವುದು ಅನ್ಯಾಯ. ಕಾಯಿಲೆಯ ಸ್ವಭಾವವೇ ಹಾಗೆ.

ಥೈರಾಯ್ಡ್ ಮಾತ್ರೆಯ ಬಗ್ಗೆ ಒಂದೇ ಮಾತು. ಬೆಳಗಿನ ಆಸರಿಗೆ (ಚಹಾ ತಿಂಡಿಗೆ) ಅರ್ಧದಿಂದ ಒಂದು ಗಂಟೆ ಮೊದಲು ಬರಿ ನೀರಿನಲ್ಲಿ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ.

ಮೂರ್ಛೆರೋಗ ಇರುವವರಿಗೆ ಮಾತ್ರೆ ತಪ್ಪುವುದರ ನಂತರದ ದೊಡ್ಡ ಕಾರಣ ನಿದ್ದೆಗೆಡುವುದು. ರಾತ್ರಿಯಿಡೀ ಯಕ್ಷಗಾನ ನೋಡುವ ಆಸೆಯಿದ್ದರೆ ಮಾತ್ರೆ ಕಿಸೆಯಲ್ಲಿರಲಿ, ಅರ್ಧರಾತ್ರಿಗೆ ಎದ್ದು ಬನ್ನಿ. ಅಡಿಕೆ ಮರ ಹತ್ತುವ ಕೊನೆಗೌಡನ ಕೆಲಸ, ಒಬ್ಬರೇ ದೋಣಿಗೆ ಹೋಗುವುದು, ಬಾವಿಕಟ್ಟೆ, ಹೊಳೆಯ ಈಜು ಬೇಡ. ಬಚ್ಚಲ ಬಾಗಿಲಿಗೆ ಅಗಳಿ ಹಾಕುವುದೂ ಬೇಡ. ಫಿಟ್ಸ್ ಬಂದಾಗ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಬಿಟ್ಟು, ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ. 5 ನಿಮಿಷ ಮೀರಿದರೆ ಆಂಬುಲೆನ್ಸ್.

ಜೂನ್‌ಗೆ ಮೊದಲು

ಹೃದಯ, ನರ, ಮೂತ್ರಪಿಂಡದ ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಲಿಗೆ ಓಡುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ನ್ಯಾಯವಾದದ್ದು. ಅದು ಬರುವವರೆಗೆ ಹಾದಿಯೂ ಕಾಯಿಲೆಯ ಒಂದು ಭಾಗವೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ದೇವಿಮನೆ, ಅರಬೈಲ್ ಘಟ್ಟಗಳಲ್ಲೂ ಮಳೆಗಾಲದ ಭಯ ಇದ್ದದ್ದೇ. ಮೇ ಕೊನೆಗೆ ಎಲ್ಲ ನಿತ್ಯದ ಮಾತ್ರೆ 15 ದಿನದಷ್ಟು ಹೆಚ್ಚುವರಿಯಾಗಿ ಮನೆಯಲ್ಲಿರಲಿ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಸಕ್ಕರೆ, ಬಿಪಿ ಮಾತ್ರೆ ಸಿಗುತ್ತದೆ, ಜನೌಷಧಿ ಕೇಂದ್ರದಲ್ಲಿ ಬೆಲೆ ಕಡಿಮೆ. ಡಯಾಲಿಸಿಸ್‌ನವರು ಘಟ್ಟದ ಈಚೆಗೊಂದು, ಆಚೆಗೊಂದು ಕೇಂದ್ರದಲ್ಲಿ ವಿಚಾರಿಸಿಟ್ಟಿರಬೇಕು. ಫ್ಲೂ ಲಸಿಕೆಯನ್ನೂ ಮಳೆಗೆ ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಮಾತ್ರೆಯ ಪಟ್ಟಿಯನ್ನು ಬ್ರ್ಯಾಂಡ್ ಹೆಸರಿನಲ್ಲಲ್ಲ, ಒಳಗಿನ ಔಷಧಿಯ ಹೆಸರಿನಲ್ಲಿ ಬರೆಯಿರಿ. ಹುಬ್ಬಳ್ಳಿಯಲ್ಲಿ ಬರೆದ ಆಮ್ಲೋಡಿಪಿನ್ ಒಂದು ಹೆಸರಲ್ಲಿ, ಕುಮಟಾದಲ್ಲಿ ಬರೆದದ್ದು ಇನ್ನೊಂದು ಹೆಸರಲ್ಲಿ ಬಂದು ಎರಡನ್ನೂ ನುಂಗಿ ತಲೆಸುತ್ತಿ ಬೀಳುವುದು ಅಪರೂಪವೇನಲ್ಲ. ಪಟ್ಟಿಯ ಜೊತೆ ಆಗದ ಔಷಧಿ, ಕೊನೆಯ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಎಚ್‌ಬಿಎ1ಸಿ, ಮನೆಯವರ ನಂಬರು. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪ್ರತಿ ಕಿಸೆಯಲ್ಲಿ, ಒಂದು ಮನೆಯಲ್ಲಿ, ಫೋಟೋ ಮಗನ ಅಥವಾ ಮಗಳ ಫೋನಿನಲ್ಲಿ.

2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಭಾಗಗಳಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆಗಳು ಸೇರಿವೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಶೇ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಕ್ಕೆ ದಾರಿಯಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಈ ಪಟ್ಟಿಯಲ್ಲಿಲ್ಲ, ಆದರೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರು, ದೃಷ್ಟಿ ಕಳೆದುಕೊಂಡವರು ಆ ಅಂಗದ ನ್ಯೂನತೆಯ ಮೇಲೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಬಹುದು. ಆಧಾರ್, ಫೋಟೋ, ಚಿಕಿತ್ಸೆಯ ಹಳೆಯ ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ.